ಅಕ್ಕನ ಒರತೆಯ ಸಾಕ್ಷಿ

ಗುರುವಾರ ಬೆಳಗಿನ ಹನ್ನೊಂದು ಗಂಟೆಗೆ ಅಕ್ಕನ ಒರತೆಯ ಹತ್ತಿರ ಹಾಜರಿರಬೇಕೆಂದು ಯಾವಗಲ್ ಊರಿಗೆ ತಹಶೀಲ್ದಾರರ ಕಾಗದ ಬಂತು. ಕಾಗದ ತಂದವನು ಅದನ್ನು ಅರ್ಜುನಪ್ಪನ ಕೈಗೆ ಕೊಟ್ಟು, ಸಹಿ ಮಾಡಿಸಿಕೊಂಡು, ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋದ. ಅವನ ಹೆಂಡತಿ ಶೇಖವ್ವ ಒಳಗೆ ತೊಟ್ಟಿಲು ತೂಗುತ್ತಿದ್ದಳು. ತೊಟ್ಟಿಲಲ್ಲಿದ್ದದ್ದು ಅವಳ ಮಗಳು ದೇವಿಕಾಳ ಕೂಸು, ಆರು ತಿಂಗಳ ಹೆಣ್ಣುಮಗು. ದೇವಿಕಾ ತೀರಿಕೊಂಡು ಅವತ್ತಿಗೆ ನಲವತ್ತು ದಿನವಾಗಿತ್ತು.

ಅರ್ಜುನಪ್ಪ ಹೊಸ್ತಿಲ ಮೇಲೆ ನಿಂತು ಕಾಗದವನ್ನು ಎರಡು ಸಲ ಓದಿದ. "ನಿನ್ನ ಹೆಸರೂ ಐತಿ ಇದರಾಗ. ಏನೇನಾತು ಅಂತ ನೀನ ಹೇಳಬೇಕಂತ. ಮಗಳ ಸಂಗಾಟ ಇದ್ದಾಕಿ ನೀನ ಅಲ್ಲಾ."

"ಹೂಂ," ಅಂದಳು ಶೇಖವ್ವ. ತೊಟ್ಟಿಲಿನ ಹಗ್ಗ ಎಳೆಯುತ್ತಿದ್ದ ಕೈ ನಿಲ್ಲಲಿಲ್ಲ.

"ಅಳಿಯಾರೂ ನರಗುಂದದಿಂದ ಬರ್ತಾರಂತ. ಫೋನ್ ಮಾಡಿದ್ರು. ಆ ಮುದುಕಿನ್ನ ಅವತ್ತ ಹಿಡದ ಜೀಪಿನ್ಯಾಗ ಕೂಡಸ್ತಾರ ಅಂದ್ರು."

ಶೇಖವ್ವ ಕೂಸಿನ ಹೊದಿಕೆ ಸರಿ ಮಾಡಿದಳು. ಆ ಮುದುಕಿ ಯಾರೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗಜೇಂದ್ರಗಡದಿಂದ ಲಕ್ಕಲಕಟ್ಟಿಯ ಕಡೆ ಹೋಗುವಾಗ ಅರ್ಧ ದಾರಿಯಲ್ಲಿ ಎಡಕ್ಕೆ ಹೊರಳಿದರೆ, ಕೆಂಪು ಕಲ್ಲಿನ ಗುಡ್ಡವನ್ನು ಯಾರೋ ಕೊಡಲಿಯಿಂದ ಸೀಳಿದಂತೆ ಒಂದು ಕೊಳ್ಳವಿದೆ. ಕೊಳ್ಳದ ತುದಿಗೆ ಬಂಡೆಯ ಬುಡದಿಂದ ಹೊರಡುವ ನೀರೇ ಅಕ್ಕನ ಒರತೆ. ಯಾವ ಅಕ್ಕ, ಯಾರ ಅಕ್ಕ ಅಂತ ಕೇಳಿದರೆ ಹೇಳುವವರಿಲ್ಲ. ಯಾವುದೋ ಕಾಲದ ಅರಸರು ಆ ನೀರಿಗೆ ಕಲ್ಲಿನ ಬಸವನ ಬಾಯಿ ಕೂಡಿಸಿ, ಕೆಳಗೆ ಮೆಟ್ಟಿಲು ಹೊಂಡ ಕಟ್ಟಿಸಿದ್ದಾರೆ. ಸುತ್ತಲಿನ ಬಾವಿಗಳೆಲ್ಲ ಬತ್ತಿ ಹೋದ ವರ್ಷಗಳಲ್ಲೂ ಬಸವನ ಬಾಯಿಂದ ತೋಳಿನಷ್ಟು ದಪ್ಪ ನೀರು ಬಿದ್ದದ್ದನ್ನು ಕಂಡವರಿದ್ದಾರೆ. ಹೊಂಡದ ಪಕ್ಕಕ್ಕೆ ಆಳೆತ್ತರದ ಶಾಸನ ನಿಂತಿದೆ. ಧಾರವಾಡದಿಂದ ಬಂದ ಪ್ರೊಫೆಸರರೊಬ್ಬರು ಅದನ್ನು ಓದಿ, ಈ ನೀರನ್ನು ಹೊಲಸು ಮಾಡಿದವನ ಮೇಲೆ ಶಾಪ ಬರೆದಿದ್ದಾರೆಂದು ಹೇಳಿ ಹೋಗಿದ್ದರು.

ಒರತೆಯನ್ನು ನೋಡಿಕೊಂಡಿದ್ದವಳು ಮಾಳವ್ವ. ಅವಳ ಅತ್ತೆ, ಅತ್ತೆಯ ಅತ್ತೆ ಎಲ್ಲ ಅದೇ ಸೇವೆ ಮಾಡಿದವರು. ಮೆಟ್ಟಿಲಿನ ಪಾಚಿ ತಿಕ್ಕುವುದು, ಎಲೆ ಬಳಿಯುವುದು, ಬಂದವರ ಬೊಗಸೆಗೆ ಹಿತ್ತಾಳೆ ಸೌಟಿನಿಂದ ನೀರು ಹೊಯ್ಯುವುದು. ಜನ ತಟ್ಟೆಯಲ್ಲಿ ಹಾಕಿದ ಚಿಲ್ಲರೆಯೇ ಅವಳ ಊಟ. ಗಂಡ ಸತ್ತ ಮೇಲೂ ಕೊಳ್ಳದ ಬಾಯಿಯ ತಗಡಿನ ಗುಡಿಸಲು ಬಿಟ್ಟು ಅವಳು ಕದಲಿರಲಿಲ್ಲ.

ದೇವಿಕಾಳಿಗೆ ಮದುವೆಯಾದ ಮೇಲೆ ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯ ಸಲ ಶೇಖವ್ವ ಹರಕೆ ಹೊತ್ತಿದ್ದಳು. ಕೂಸು ಕೈಗೆ ಬಂದರೆ, ತಾಯಿ-ಮಗು ಇಬ್ಬರನ್ನೂ ಅಕ್ಕನ ಒರತೆಗೆ ಕರೆತಂದು ಮೂರು ಬೊಗಸೆ ನೀರು ಕುಡಿಸುತ್ತೇನೆ ಅಂತ. ಕೂಸು ಬಂತು. ಬಾಣಂತನ ಮುಗಿಯಿತು. ಮಗಳನ್ನು ನರಗುಂದಕ್ಕೆ ಗಂಡನ ಮನೆಗೆ ಕಳಿಸುವ ಮುಂಚೆ ಒಂದು ಸೋಮವಾರ ಶೇಖವ್ವ ಇಬ್ಬರನ್ನೂ ಕರೆದುಕೊಂಡು ಒರತೆಗೆ ಹೋದಳು.

ಹೊಂಡದ ಪಕ್ಕದ ಹೊಂಗೆಯ ಮರಕ್ಕೆ ಅವತ್ತು ಬಿಳಿ ತಗಡಿನ ಬೋರ್ಡು ಬಡಿದಿತ್ತು. ಕೆಂಪು ಅಕ್ಷರ. ಶೇಖವ್ವನಿಗೆ ಓದಲು ಬರುತ್ತಿರಲಿಲ್ಲ. ದೇವಿಕಾ ಓದಿದಳು.

"ಯವ್ವಾ, ಈ ನೀರು ಕುಡೀಲಿಕ್ಕೆ ಯೋಗ್ಯ ಅಲ್ಲ ಅಂತ ಬರದಾರ."

ಮೆಟ್ಟಿಲು ಗುಡಿಸುತ್ತಿದ್ದ ಮಾಳವ್ವ ಕಸಬರಿಗೆ ಕೆಳಗಿಟ್ಟು ಎದ್ದು ಬಂದಳು. "ಹೌದವ್ವಾ. ಆಫೀಸಿನವ್ರು ಬಾಟ್ಲಿ ತುಂಬಿಸಿಕೊಂಡ ಒಯ್ದು ನೋಡ್ಯಾರಂತ. ಮ್ಯಾಲ ಯಾತ್ರಿ ನಿವಾಸ ಕಟ್ಯಾರಲ್ಲ, ಅದರ ಸಂಡಾಸದ ಗುಂಡಿ ಒಳಗಿಂದ ಜಿನುಗಾಕತ್ತೈತಂತ. ಕುಡೀಬ್ಯಾಡ್ರಿ. ಕಾಲ ತೊಳಕೊಂಡು, ಕೈ ಮುಗದು ಹೋಗ್ರಿ. ಹರಕಿ ಮುಟ್ಟತೈತಿ."

ಶೇಖವ್ವನಿಗೆ ಸಿಟ್ಟು ಬಂತು. ಮೂವತ್ತು ವರ್ಷದಿಂದ ನೀರು ಹೊಯ್ಯುತ್ತ ಬಂದವಳೇ ಹೀಗೆ ಹೇಳುತ್ತಾಳಲ್ಲ ಅಂತ ಸಿಟ್ಟು. ಮಗಳು ಅನುಮಾನ ಮಾಡಿದಳಲ್ಲ ಅಂತ ಇನ್ನೂ ಸಿಟ್ಟು.

"ನಿನ್ನ ಹಡದಾಗ ನಾ ಇದ ನೀರ ಕುಡದೇನಿ," ಅಂದಳು ಮಗಳಿಗೆ. "ನಮ್ಮವ್ವನೂ ಕುಡದಾಳ. ಈ ಕೂಸಿನ್ನ ಕೊಟ್ಟಾಕಿ ಅಕ್ಕ. ಕೊಟ್ಟಾಕಿ ನೀರಿಗೇ ಹೆಸರಿಡತೀ ಏನ? ನಾಕ ಅಕ್ಷರ ಕಲಿತ ಮ್ಯಾಲ ದೇವರೂ ಬ್ಯಾಡಾಗತೈತಿ ನಿಮಗ."

ದೇವಿಕಾ ತಾಯಿಯ ಮುಖ ನೋಡಿದಳು. ಸಣ್ಣಂದಿನಿಂದಲೂ ಎದುರಾಡಿದವಳಲ್ಲ. ಬಸವನ ಬಾಯಿಗೆ ಬೊಗಸೆ ಒಡ್ಡಿ ಮೂರು ಸಲ ಕುಡಿದಳು. ಶೇಖವ್ವನೂ ಕುಡಿದಳು. ಆಮೇಲೆ ಶೇಖವ್ವ ಬೆರಳು ತೋಯಿಸಿ ಕೂಸಿನ ತುಟಿಗೆ ಹಚ್ಚಲು ಹೋದಾಗ ದೇವಿಕಾ ಮಗುವನ್ನು ಆ ಕಡೆ ತಿರುಗಿಸಿ ಎದೆಗೆ ಒತ್ತಿಕೊಂಡಳು.

"ಕೂಸಿಗೆ ಮಾತ್ರ ಬ್ಯಾಡವ್ವಾ."

ಮಂಗಳವಾರ ಇಬ್ಬರಿಗೂ ವಾಂತಿ-ಭೇದಿ ಹತ್ತಿತು. ಶೇಖವ್ವನದು ಗಟ್ಟಿ ಜೀವ, ಹೇಗೋ ತಡೆದುಕೊಂಡಿತು. ಮಗಳಿಗೆ ಅವಳು ಶುಂಠಿ ಕುದಿಸಿ ಕೊಟ್ಟಳು, ಗಂಜಿ ಕೊಟ್ಟಳು, ದೃಷ್ಟಿ ತೆಗೆದಳು. ಒಂದು ಇಡೀ ದಿನ ಹಾಗೆ ಕಳೆಯಿತು. ಬುಧವಾರ ಬೆಳಗಾಗುವಷ್ಟರಲ್ಲಿ ದೇವಿಕಾಳ ಕಣ್ಣು ಒಳಸೇರಿ, ಚರ್ಮ ಹಿಂಡಿದರೆ ಹಿಂಡಿದಂತೆಯೇ ನಿಲ್ಲುತ್ತಿತ್ತು. ರೋಣಕ್ಕೆ ಒಯ್ದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಗದಗಿಗೆ.

ಗದಗಿನ ದವಾಖಾನೆಯಲ್ಲಿ ಮಧ್ಯಾಹ್ನ ಸ್ವಲ್ಪ ಹೊತ್ತು ಅವಳಿಗೆ ಎಚ್ಚರವಿತ್ತು. ಅರ್ಜುನಪ್ಪ ಔಷಧಿ ತರಲು ಹೊರಗೆ ಹೋಗಿದ್ದ. ಗಂಡ ಸಂಗನಬಸವ ನರಗುಂದದಿಂದ ಹೊರಟು ಇನ್ನೂ ದಾರಿಯಲ್ಲಿದ್ದ. ದೇವಿಕಾ ತಾಯಿಯ ಸೆರಗು ಹಿಡಿದು ಎಳೆದಳು.

"ಯವ್ವಾ, ಅವರು ಕೇಳಿದ್ರ ಬೋರ್ಡ್ ಇರಲಿಲ್ಲ ಅನ್ನು."

"ಸುಮ್ಮನ ಮಲಗು ನನ್ನವ್ವಾ. ಈಗ್ಯಾಕ ಆ ಮಾತು."

"ಕೇಳಿಲ್ಲೆ. ಅವರಿಗೆ ಗೊತ್ತಾದ್ರ ನಿನ್ನ ಮಾರಿ ನೋಡೂದಿಲ್ಲ. ಕೂಸಿನ್ನ ನಿನ್ನ ಹಂತ್ಯಾಕ ಬಿಡೂದಿಲ್ಲ. ಯಾರೂ ಹೇಳಲಿಲ್ಲ ಅನ್ನು. ನನ್ನ ಆಣಿ ಐತಿ ನಿನಗ."

ಆಮೇಲೆ ಅವಳು ಮಾತಾಡಲಿಲ್ಲ. ಗುರುವಾರ ನಸುಕಿನಲ್ಲಿ ಹೋದಳು. ಶುಕ್ರವಾರ ಮಣ್ಣು ಕೊಟ್ಟು ಮನೆಗೆ ಬರುವಷ್ಟರಲ್ಲಿ ಆ ವರ್ಷದ ದೊಡ್ಡ ಮಳೆ ಹಿಡಿಯಿತು. ಸಂಗನಬಸವ ತೊಯ್ದ ಬಟ್ಟೆಯಲ್ಲೇ ಪಡಸಾಲೆಯಲ್ಲಿ ಕೂತಿದ್ದ. ನರಗುಂದದ ಬಜಾರದಲ್ಲಿ ಬಟ್ಟೆ ಅಂಗಡಿ ಇಟ್ಟವನು, ಮೆತ್ತಗಿನ ಮನುಷ್ಯ. ಅಳುವುದು ಮುಗಿದು ಖಾಲಿಯಾದ ದನಿಯಲ್ಲಿ ಕೇಳಿದ:

"ಅತ್ತೀ, ನೀರು ಕೆಟ್ಟೈತಿ ಅಂತ ಅಲ್ಲಿ ಯಾರೂ ಹೇಳಲಿಲ್ಲೇನ್ರಿ? ಬೋರ್ಡ್ ಹಾಕಿದ್ರು ಅಂತಾರಲ್ಲ?"

"ಇಲ್ಲರಿ," ಅಂದಳು ಶೇಖವ್ವ. "ಬೋರ್ಡೂ ಇರಲಿಲ್ಲ. ಯಾರೂ ಹೇಳಲೂ ಇಲ್ಲ."

ಆ ಒಂದು ಮಾತಿನ ಮೇಲೆ ಎಲ್ಲ ಕಟ್ಟಿಕೊಂಡಿತು. ಮುಂದಿನ ವಾರ ಲಕ್ಕಲಕಟ್ಟಿಯ ಒಬ್ಬ ಮುದುಕ, ಸಾಲಿಗೆ ಹೋಗುವ ಒಬ್ಬ ಹುಡುಗಿ ಅದೇ ನೀರು ಕುಡಿದು ಸತ್ತರು. ಆಗ ನೋಡಿದರೆ ಹೊಂಗೆಯ ಮರದಲ್ಲಿ ಬೋರ್ಡೇ ಇರಲಿಲ್ಲ. ಬೋರ್ಡು ಹಾಕಿದ ದಿನದ ಫೋಟೊ ಅಧಿಕಾರಿಗಳ ಹತ್ತಿರ ಇತ್ತು. ಹಾಗಾದರೆ ಯಾರು ತೆಗೆದರು? ತಟ್ಟೆಗೆ ಚಿಲ್ಲರೆ ಬೀಳುವುದು ನಿಂತೀತೆಂದು ಮಾಳವ್ವನೇ ಅದನ್ನು ಹಾಕಿದ ದಿನವೇ ಕಿತ್ತು ಬಿಸಾಕಿದ್ದಾಳೆ ಅಂತ ಸುದ್ದಿ ಹಬ್ಬಿತು. ಸುದ್ದಿ ಹಬ್ಬಿಸಿದವರಲ್ಲಿ ಮೊದಲಿಗ ಅಮೋಘಸಿದ್ದ, ಯಾತ್ರಿ ನಿವಾಸ ಕಟ್ಟಿಸಿದ ಕಮಿಟಿಯ ಅಧ್ಯಕ್ಷ. ಸಂಗನಬಸವ ಪೊಲೀಸ್ ಠಾಣೆಗೆ ಹೋಗಿ ತಕರಾರು ಬರೆದುಕೊಟ್ಟ. ಶೇಖವ್ವ ಅಲ್ಲೂ ಮನೆಯಲ್ಲಿ ಹೇಳಿದ್ದನ್ನೇ ಹೇಳಿ ಬಂದಳು. ಮೊದಲನೆಯ ಸಾವು ದೇವಿಕಾಳದು. ಅವಳು ನೀರು ಕುಡಿದ ದಿನವೇ ಬೋರ್ಡು ಇರಲಿಲ್ಲವೆಂದಾದರೆ ಮಾಳವ್ವ ಸಿಕ್ಕಿಬಿದ್ದಂತೆಯೇ.

ಶೇಖವ್ವ ಇದನ್ನೆಲ್ಲ ಗಂಡಸರ ಮಾತಿನಲ್ಲಿ ಒಂದೊಂದಾಗಿ ಕೇಳಿಸಿಕೊಂಡಳು. ಪ್ರತಿ ಸಲವೂ ಈಗ ಹೇಳಿಬಿಡಲೇ ಅನ್ನಿಸುತ್ತಿತ್ತು. ಅಷ್ಟರಲ್ಲಿ ಕೂಸು ಅಳುತ್ತಿತ್ತು, ಅವಳು ಎದ್ದು ಹಾಲು ಕಾಸಲು ಹೋಗುತ್ತಿದ್ದಳು. ಕೂಸು ದೇವಿಕಾಳ ಹಾಗೆಯೇ ಎಡಗೈ ಮುಷ್ಟಿ ಕೆನ್ನೆಗೆ ಒತ್ತಿಕೊಂಡು ಮಲಗುತ್ತಿತ್ತು. ಅದನ್ನು ನೋಡುತ್ತ ಕೂತರೆ, ಮಗಳು ಆಣೆ ಹಾಕಿ ಕೊಟ್ಟು ಹೋದದ್ದು ಇದನ್ನೇ ಅಲ್ಲವೇ ಅನ್ನಿಸಿ ಬಾಯಿ ಕಟ್ಟುತ್ತಿತ್ತು.

ಗುರುವಾರ ಬೆಳಿಗ್ಗೆ ಗಂಡ-ಹೆಂಡತಿ ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿದರು. ರೋಣದಲ್ಲಿ ಇಳಿದು ಗಜೇಂದ್ರಗಡದ ಬಸ್ಸು ಹಿಡಿದರು. ಜೋಳದ ಹೊಲಗಳು ಹಸಿರಾಗಿದ್ದವು. ದೂರದ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು ಮೆಲ್ಲಗೆ ತಿರುಗುತ್ತಿದ್ದವು. ಅರ್ಜುನಪ್ಪ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಒಂದೇ ಸಲ ಹೊರಳಿ, "ನೀರಡಿಸಿದ್ರ ಮನೀ ನೀರ ಐತಿ ಚೀಲದಾಗ," ಅಂದ.

ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಸಂಗನಬಸವ ಕಾಯುತ್ತ ನಿಂತಿದ್ದ. ಗಡ್ಡ ಬಿಟ್ಟಿದ್ದ, ಅಂಗಿ ಸಡಿಲಾಗಿತ್ತು. ಕೂಸಿಗೆಂದು ಉಣ್ಣೆಯ ಕುಲಾಯಿ ತಂದಿದ್ದ. ಅದನ್ನು ಕೂಸಿನ ತಲೆಗೆ ಹಾಕಿ ದಾರ ಕಟ್ಟಿದ. ಟೆಂಪೋದಲ್ಲಿ ಕೂತಾಗ ಶೇಖವ್ವನ ಕಡೆ ಬಾಗಿ ಹೇಳಿದ:

"ಅತ್ತೀ, ಸಾಹೇಬ್ರು ಕೇಳ್ತಾರಂತ ಹೆದರಬ್ಯಾಡ್ರಿ. ಇದ್ದದ್ದು ಇದ್ದಂಗ ಹೇಳ್ರಿ, ಅಷ್ಟ ಸಾಕು. ನಾವು ಅದೇವಿ."

ಅವನ ಮರ್ಯಾದೆ ಅವಳಿಗೆ ಬೈಗುಳಕ್ಕಿಂತ ಬಿರುಸಾಗಿ ತಾಗಿತು.

ಕೊಳ್ಳದ ಬಾಯಿಯಲ್ಲಿ ಎರಡು ಜೀಪು ನಿಂತಿದ್ದವು. ಮಾಳವ್ವನ ಗುಡಿಸಲು ಇದ್ದ ಜಾಗದಲ್ಲಿ ಮುರಿದ ತಗಡು, ಒಡೆದ ಮಣ್ಣಿನ ಒಲೆ, ಬಾಯಿ ತೆರೆದುಕೊಂಡ ಒಂದು ಟ್ರಂಕು ಬಿದ್ದಿದ್ದವು. ಹುಡುಗಿ ಸತ್ತ ದಿನ ಜನ ಸಿಟ್ಟಿಗೆದ್ದು ಕೆಡವಿದ್ದು ಅಂತ ಟೆಂಪೋದವನು ಹೇಳಿದ. ಅಲ್ಲಿಂದ ಹೊಂಡದವರೆಗೂ ಬ್ಲೀಚಿಂಗ್ ಪುಡಿಯ ವಾಸನೆ.

ಅಮೋಘಸಿದ್ದ ಎದುರಿಗೇ ಬಂದ. ಬಿಳಿ ಅಂಗಿ, ಕೊರಳಲ್ಲಿ ಕೇಸರಿ ಟವೆಲ್ಲು. ಅರ್ಜುನಪ್ಪನ ಎರಡೂ ಕೈ ಹಿಡಿದುಕೊಂಡು ಮಗಳ ಸಾವಿಗೆ ಮರುಗಿದ. ಆಮೇಲೆ ಶೇಖವ್ವನ ಪಕ್ಕ ನಡೆಯುತ್ತ ದನಿ ತಗ್ಗಿಸಿದ.

"ಭಾಳ ಮಾತಾಡೂದು ಬ್ಯಾಡ ತಾಯೀ. ಬೋರ್ಡ್ ಇರಲಿಲ್ಲ, ಮುದುಕಿ ಹೇಳಲಿಲ್ಲ. ಎರಡ ಮಾತು. ನಿಮಗೂ ಚಲೋ, ಕ್ಷೇತ್ರಕ್ಕೂ ಚಲೋ. ಗುಂಡಿ ಗಿಂಡಿ ಅಂತ ಹೇಳಿದ್ರ ಕೇಸು ಸುತ್ತಿ ಸುತ್ತಿ ಎಲ್ಲೋ ಹೋಗತೈತಿ, ನಿಮ್ಮ ಮಗಳಿಗೆ ನ್ಯಾಯ ಸಿಗೂದಿಲ್ಲ."

ಶೇಖವ್ವ ತಲೆ ಎತ್ತಿ ಮೇಲೆ ನೋಡಿದಳು. ಬಂಡೆಯ ನೆತ್ತಿಯ ಮೇಲೆ ಯಾತ್ರಿ ನಿವಾಸದ ಗುಲಾಬಿ ಬಣ್ಣದ ಗೋಡೆ ಕಾಣುತ್ತಿತ್ತು. ಅದರ ನೇರ ಕೆಳಗೆ ಬಸವನ ಬಾಯಿಂದ ನೀರು ಬೀಳುತ್ತಿತ್ತು. ಮೊದಲು ಹೇಗಿತ್ತೋ ಹಾಗೆಯೇ, ಹೊಂಡದ ತಳದ ಕಲ್ಲು ಎಣಿಸುವಷ್ಟು ತಿಳಿ. ಇದರಲ್ಲೇನು ವಿಷವಿದೆ ಅಂತ ಈಗಲೂ ಯಾರಾದರೂ ಕೇಳಬಹುದಾಗಿತ್ತು. ಅವಳು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು.

ಎರಡು ಮೆಟ್ಟಿಲು ಕೆಳಗೆ ಮಾಳವ್ವ ಕೂತಿದ್ದಳು. ಪಕ್ಕದಲ್ಲಿ ಮಹಿಳಾ ಪೊಲೀಸಿನವಳು. ಮಾಳವ್ವನ ಬಲ ಮುಂಗೈಗೆ ಹಳೆಯ ಸೀರೆಯ ಅರಿವೆ ಸುತ್ತಿತ್ತು. ಒಂದು ತಿಂಗಳಲ್ಲಿ ಮುದುಕಿ ಅರ್ಧ ಆಗಿದ್ದಳು. ಹೊರಳಿ ಶೇಖವ್ವನನ್ನು ನೋಡಿದಳು, ಗುರುತು ಹಿಡಿದಳು. ಶೇಖವ್ವ ಕಣ್ಣು ತಪ್ಪಿಸಿದಳು. ಈಗ ಕೂಗಾಡುತ್ತಾಳೆ, ಎಲ್ಲರ ಮುಂದೆ ಶಾಪ ಹಾಕುತ್ತಾಳೆ ಅಂದುಕೊಂಡಳು.

"ಕೂಸು ಆರಾಮ ಐತೇನವ್ವಾ?" ಅಂದಳು ಮಾಳವ್ವ.

ಶೇಖವ್ವ ಹೌದೆಂದು ತಲೆ ಆಡಿಸಿದಳು.

"ಏನ್ ಕುಡಸ್ತೀರಿ?"

"ಪುಡಿ ಹಾಲು."

"ಆಡಿನ ಹಾಲು ಸಿಕ್ರ ನೋಡ್ರಿ. ಅದಕ್ಕ ನೀರ ಬೆರಸಿ ಚಲೋತಂಗ ಕುದಿಸಿ ಕೊಡ್ರಿ." ಪೊಲೀಸಿನವಳು ಸುಮ್ಮನಿರೆಂದು ಕಣ್ಣು ಬಿಟ್ಟಳು. ಮಾಳವ್ವ ಮತ್ತೆ ಹೊಂಡದ ಕಡೆ ತಿರುಗಿ ಕೂತಳು.

ಹೊಂಗೆಯ ಮರದ ಕೆಳಗೆ ಕುರ್ಚಿ, ಟೇಬಲ್ಲು ಹಾಕಿದ್ದರು. ತಹಶೀಲ್ದಾರರು ವಯಸ್ಸಿನಲ್ಲಿ ಸಣ್ಣವರು, ಕನ್ನಡಕದ ಮನುಷ್ಯ. ಪಕ್ಕದಲ್ಲಿ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಮೊದಲು ಮುದುಕನ ಮಗ, ಆಮೇಲೆ ಸತ್ತ ಹುಡುಗಿಯ ತಂದೆ ಹೇಳಿದರು. ಇಬ್ಬರೂ ಬೋರ್ಡು ಕಂಡಿರಲಿಲ್ಲ, ಮತ್ತು ಅದು ಖರೆಯೂ ಆಗಿತ್ತು. ಹುಡುಗಿಯ ತಂದೆಗೆ ಪೂರ್ತಿ ಹೇಳಲಾಗಲಿಲ್ಲ. ಅವನನ್ನು ಹಿಡಿದು ಆಚೆ ಕರೆದೊಯ್ದರು.

ಮಾಳವ್ವನನ್ನು ಎಬ್ಬಿಸಿ ನಿಲ್ಲಿಸಿದರು.

"ಬೋರ್ಡ್ ನೀ ಕಿತ್ತಿಯೇನ?"

"ಇಲ್ರೀ ಯಪ್ಪಾ. ದೊಡ್ಡ ಮಳಿ ಆತಲ್ಲ ಶುಕ್ರವಾರ, ಅವತ್ತ ಗುಡ್ಡದ ನೀರು ನುಗ್ಗಿ ಹೊಂಗಿ ಟೊಂಗಿ ಮುರೀತು. ಟೊಂಗಿ ಸಂಗಾಟ ಬೋರ್ಡೂ ಹಳ್ಳಕ್ಕ ಹೋತು. ಕಮಿಟಿಯವ್ರಿಗೆ ಹೋಗಿ ಹೇಳೇನಿ. ಹಾಕ್ಸೂಣು ಅಂದ್ರು, ಹಾಕಿಸಲಿಲ್ಲ. ಆಮ್ಯಾಲೆ ಬಂದವ್ರಿಗೆ ಬಾಯಿಲೇ ಹೇಳೇನಿ. ನಾ ಹೊಲದ ಕಡೀ ಹೋದಾಗ ಬಂದವ್ರು ಕುಡದಾರ. ಅದು ನನ್ನ ತಪ್ಪ."

"ಮುಂಚಿನ ಸೋಮವಾರ ಬೋರ್ಡ್ ಇತ್ತೇನು?"

"ಇತ್ರಿ." ಮಾಳವ್ವ ಕಟ್ಟು ಕಟ್ಟಿದ ಕೈಯನ್ನೇ ಚಾಚಿ ತೋರಿಸಿದಳು. "ಅಗಾ, ಆ ತಂಗಿನ್ನ ಕೇಳ್ರಿ. ಅಕಿ ಮಗಳು ಓದಿದ್ಲು."

ಅಮೋಘಸಿದ್ದ ನಕ್ಕ. "ನೋಡ್ರಿ ಸಾಹೇಬ್ರ, ಹೆಣಾನ ಸಾಕ್ಷಿಗೆ ಕರೀತಾಳ."

ಸಂಗನಬಸವ ಎದ್ದು ನಿಂತ. ಅವನ ಮುಖ ಕೆಂಪಗಾಗಿತ್ತು. "ಸತ್ತಾಕಿ ಹೆಸರ ಬಾಯಾಗ ತಗೀಬ್ಯಾಡ ನೀನು!" ಅಂತ ಕೂಗಿದ. ಅರ್ಜುನಪ್ಪ ಅವನ ತೋಳು ಹಿಡಿದು ಕೂರಿಸಿದ.

ಗುಮಾಸ್ತ ಶೇಖವ್ವನನ್ನು ಕರೆದ. ಅವಳು ಕೂಸನ್ನು ಗಂಡನಿಗೆ ಕೊಡಲು ಹೋದಳು. ಕೂಸು ಬಿಡಲಿಲ್ಲ, ಎತ್ತಿಕೊಂಡೇ ಟೇಬಲ್ಲಿನ ಮುಂದೆ ಹೋದಳು. ಠಾಣೆಯಲ್ಲಿ ಮೊದಲೇ ಬರೆದ ಹೇಳಿಕೆಯನ್ನು ಗುಮಾಸ್ತ ಲಗುಬಗೆಯಿಂದ ಓದಿದ. ಸದರಿ ದಿವಸ ಸ್ಥಳದಲ್ಲಿ ಯಾವುದೇ ಫಲಕ ಇರಲಿಲ್ಲ, ಯಾರೂ ತಿಳಿವಳಿಕೆ ನೀಡಲಿಲ್ಲ, ಅಂತ.

"ಹೌದಲ್ಲವ್ವಾ? ಇಲ್ಲಿ ಹೆಬ್ಬೆಟ್ಟು ಒತ್ತು."

ಅವಳ ಹೆಬ್ಬೆರಳನ್ನು ಅವನೇ ಶಾಯಿಯ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಹಿಡಿದ. ಇನ್ನೊಂದು ಬೆರಳಿನ ದಪ್ಪದಷ್ಟು ಕೆಳಗಿಳಿದರೆ ಮುಗಿಯಿತು. ಶೇಖವ್ವನಿಗೆ ಮಗಳ ದನಿ ಕೇಳಿಸಿತು, ಸೆರಗು ಹಿಡಿದು ಎಳೆದದ್ದು ನೆನಪಾಯಿತು. ನನ್ನ ಆಣಿ ಐತಿ ನಿನಗ. ಆದರೆ ಎರಡು ಮೆಟ್ಟಿಲು ಕೆಳಗೆ ನಿಂತಿದ್ದವಳು ಇವತ್ತು ಮಧ್ಯಾಹ್ನ ಆ ಜೀಪು ಹತ್ತುತ್ತಾಳೆ. ಹತ್ತುವ ಮುಂಚೆ ಕೂಸಿನ ಹಾಲಿನ ಬಗ್ಗೆ ಕೇಳಿದ್ದಳು.

ಕೈ ಹಿಂದಕ್ಕೆ ಬಂತು.

"ಅದು ಸುಳ್ಳೈತ್ರಿ," ಅಂದಳು.

ಗುಮಾಸ್ತ ತಲೆ ಎತ್ತಿದ. ತಹಶೀಲ್ದಾರರು ಕನ್ನಡಕ ಸರಿ ಮಾಡಿಕೊಂಡರು. "ಯಾವುದು ಸುಳ್ಳು?"

"ಬರದದ್ದು. ಬೋರ್ಡ್ ಇತ್ರಿ. ಇದ ಗಿಡಕ್ಕ ಬಡದಿದ್ರು. ಕೆಂಪ ಅಕ್ಷರ. ನನ್ನ ಮಗಳು ಓದಿ ಹೇಳಿದ್ಲು. ಈ ಯಕ್ಕನೂ ಕಸಬರಗಿ ಬಿಟ್ಟ ಬಂದು ಹೇಳಿದ್ಲು, ಕುಡೀಬ್ಯಾಡ್ರಿ, ಗುಂಡಿ ನೀರ ಸೇರಾಕತ್ತೈತಿ ಅಂತ. ನಾನ ಕೇಳಲಿಲ್ಲ."

ಗುಮಾಸ್ತ ಬರೆಯುವುದನ್ನು ಬಿಟ್ಟು ತಹಶೀಲ್ದಾರರ ಮುಖ ನೋಡಿದ.

"ಮತ್ತ ಠಾಣೇದಾಗ ಹಿಂಗ್ಯಾಕ ಹೇಳಿದ್ರಿ?" ಕೇಳಿದರು ತಹಶೀಲ್ದಾರರು.

ಶೇಖವ್ವ ಅಳಿಯನ ಕಡೆ ನೋಡಿದಳು. ಸಾಯುವವಳು ತನಗೆ ಹೇಳಿಕೊಟ್ಟ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದನ್ನು ಹೇಳಿದರೆ ತನ್ನ ಭಾರ ಅರ್ಧ ಇಳಿದೀತು. ಆದರೆ ಹೆಂಡತಿಯ ಕಡೆಯ ಮಾತು ತನಗೆ ಮೋಸ ಮಾಡುವ ಮಾತಾಗಿತ್ತೆಂದು ಈ ಮನುಷ್ಯ ಬದುಕಿರುವವರೆಗೂ ನೆನೆಯಬೇಕಾಗುತ್ತದೆ. ಅವಳು ಅದನ್ನು ನುಂಗಿಕೊಂಡಳು.

"ಹೆದರಿಕಿಗೆ ಹೇಳಿದೆ ರೀ. ನನ್ನ ಹೆದರಿಕಿಗೆ."

ಸಂಗನಬಸವ ಟೇಬಲ್ಲಿನ ಹತ್ತಿರ ಬಂದ. ಅವನ ದನಿ ತೀರ ಸಣ್ಣದಾಗಿತ್ತು.

"ದೇವಿಕಾ ಬ್ಯಾಡ ಅಂದ್ಲೇನ್ರಿ?"

"ಅಂದ್ಲು."

"ಮತ್ತ ಹ್ಯಾಂಗ ಕುಡದ್ಲು?"

"ನಾ ಬೈದೆ. ನಾಕ ಅಕ್ಷರ ಕಲತ ದೇವರ ಬ್ಯಾಡಾತೇನ ಅಂದೆ. ನನ್ನ ಮಾತಿಗೆ ಕುಡದ್ಲು. ಕೂಸಿಗೂ ಹಚ್ಚಾಕ ಹೋದೆ. ಅದೊಂದಕ್ಕ ಮಾತ್ರ ಅಕಿ ಬಿಡಲಿಲ್ಲ."

ಅವನು ಇನ್ನೊಂದು ಹೆಜ್ಜೆ ಅವಳ ಹತ್ತಿರ ಬಂದ. ಹೊಡೆದಿದ್ದರೆ ಅವಳು ಹೊಡೆಸಿಕೊಳ್ಳುತ್ತಿದ್ದಳು. ಅವನು ಹೊಡೆಯಲಿಲ್ಲ. ಎರಡೂ ಕೈ ಮುಂದೆ ಚಾಚಿದ.

"ಕೂಸಿನ್ನ ಕೊಡ್ರಿ."

"ಅಳಿಯಾರ," ಅಂದ ಅರ್ಜುನಪ್ಪ ನಡುವೆ ಬಂದು. "ಈಗ ಸಿಟ್ಟಿನ್ಯಾಗ..."

"ಮಾವಾ, ನೀವು ಸರೀರಿ. ನಿಮ್ಮದೇನೂ ತಪ್ಪಿಲ್ಲ."

ಕೂಸು ಶೇಖವ್ವನ ಕೊರಳ ಸರ ಹಿಡಿದಿತ್ತು. ಒಂದೊಂದೇ ಬೆರಳು ಬಿಡಿಸಿದವಳು ಅವಳೇ. ಹಾಲಿನ ಬಾಟಲಿ, ಅರಿವೆಯ ಗಂಟು ಇದ್ದ ಚೀಲವನ್ನು ಅಳಿಯನ ಹೆಗಲಿಗೆ ಹಾಕಿದಳು. ಸಂಗನಬಸವ ಕೂಸನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಹೋದ. ಕೂಸಿನ ಅಳು ಕೊಳ್ಳದ ಬಂಡೆಗಳಿಗೆ ಬಡಿದು ಬಡಿದು ಬರುತ್ತಿತ್ತು. ಟೆಂಪೋ ಹೊರಟ ಮೇಲೆ ನಿಂತಿತು.

ಗುಮಾಸ್ತ ಹೊಸ ಕಾಗದ ತೆಗೆದು ಮೊದಲಿನಿಂದ ಬರೆದ. ಶೇಖವ್ವ ಹೆಬ್ಬೆಟ್ಟು ಒತ್ತಿದಳು. ತಹಶೀಲ್ದಾರರು ಎದ್ದು, "ಇನ್ನ ಮ್ಯಾಲಿನ ಗುಂಡಿ ನೋಡೂಣು, ನಡೀರಿ," ಅಂದರು. ಅಮೋಘಸಿದ್ದ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅದು ಗುತ್ತಿಗೆದಾರನ ಕೆಲಸ, ತನಗೇನೂ ಗೊತ್ತಿಲ್ಲ ಅನ್ನುತ್ತ ಅವರ ಹಿಂದೆ ಹತ್ತಿದ.

ಪೊಲೀಸಿನವಳು ಹೋದ ಮೇಲೆ ಮಾಳವ್ವ ಶೇಖವ್ವನ ಹತ್ತಿರ ಬಂದು ನಿಂತಳು.

"ನನ್ನ ಸಲುವಾಗಿ ಕೂಸಿನ್ನ ಕಳಕೊಂಡ್ಯಲ್ಲವ್ವಾ," ಅಂದಳು.

"ನಿನ್ನ ಸಲುವಾಗಿ ಅಲ್ಲ ಯಕ್ಕಾ," ಅಂದಳು ಶೇಖವ್ವ. "ಅವತ್ತ ನಿನ್ನ ಮಾತ ಕೇಳಿದ್ರ ನನ್ನ ಮಗಳ ಇರ್ತಿದ್ಲು."

ಮಾಳವ್ವ ಬಗ್ಗಿ ಮೆಟ್ಟಿಲ ಮೇಲೆ ಬಿದ್ದಿದ್ದ ಎಲೆ ಬಳಿಯತೊಡಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅರ್ಜುನಪ್ಪ ಅವಳ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಕೂತ. ಯಾವಗಲ್ಲಿನಲ್ಲಿ ಇಳಿದು ಮನೆಯ ದಾರಿ ಹಿಡಿದಾಗ ನಿಂತು, "ನನಗಾದ್ರೂ ಹೇಳಬೇಕಾಗಿತ್ತು. ನಲವತ್ತೆರಡ ದಿನ ನನ್ನ ಮಗ್ಗಲಾಗ ಮಲಗಿದೀ," ಅಂದ. ಅವನು ಮಾತು ಬಿಡಲಿಲ್ಲ, ಬೈಯಲೂ ಇಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ಕೇಳಿದ್ದಕ್ಕೆ ಹೇಳುತ್ತಿದ್ದ. ಆದರೆ ಅವತ್ತಿನಿಂದ ಕುರಿಯ ಹಟ್ಟಿಯಲ್ಲೇ ಮಲಗತೊಡಗಿದ.

ಮೇಲಿನ ಗುಂಡಿಯನ್ನು ಮುಚ್ಚಿಸಿದರು. ಬಸವನ ಬಾಯಿಗೆ ಕಬ್ಬಿಣದ ಜಾಳಿಗೆ ಹೊಡೆದರು. ನೀರು ಮತ್ತೆ ಕುಡಿಯುವ ಹಾಗಾಗಲು ಎಷ್ಟು ವರ್ಷ ಬೇಕೋ ಹೇಳಲಾಗದೆಂದು ಪರೀಕ್ಷೆ ಮಾಡಿದವರು ಬರೆದರು. ಅಮೋಘಸಿದ್ದನ ಮೇಲಿನ ಕೇಸು ಗಜೇಂದ್ರಗಡ, ರೋಣ ಅಂತ ತಿರುಗುತ್ತಿದೆ. ಮಾಳವ್ವನನ್ನು ಯಾರೂ ಹಿಡಿಯಲಿಲ್ಲ. ಆದರೆ ಜನ ಬಾರದ ಒರತೆಯ ಹತ್ತಿರ ಅವಳಿಗೆ ಅನ್ನವೂ ಇರಲಿಲ್ಲ, ಮನೆಯೂ ಇರಲಿಲ್ಲ. ಟ್ರಂಕು ಹೊತ್ತುಕೊಂಡು ತಂಗಿಯ ಊರಿಗೆ ಹೋದಳೆಂದು ಸುದ್ದಿ ಬಂತು.

ಎರಡು ತಿಂಗಳಾದ ಮೇಲೆ ಶೇಖವ್ವ ಒಬ್ಬಳೇ ನರಗುಂದಕ್ಕೆ ಹೋದಳು. ಚಳಿ ಶುರುವಾಗಿತ್ತು. ಎರಡು ಕುಬಸ, ಒಂದು ಸಣ್ಣ ಕೌದಿ ಹೊಲಿದು ಗಂಟು ಕಟ್ಟಿಕೊಂಡಿದ್ದಳು. ಬೀಗತಿ ಬಾಗಿಲು ತೆರೆದಳು, ಗಾಬರಿಯಾದಳು, ಆದರೂ ಒಳಗೆ ಕರೆದಳು. ಕೂಸು ನಡುಮನೆಯಲ್ಲಿ ಅಂಬೆಗಾಲಿಡುತ್ತಿತ್ತು. ಕೆಳಗೆ ಎರಡು ಹಲ್ಲು ಬಂದಿದ್ದವು. ಶೇಖವ್ವ ಕೈ ಚಾಚಿದರೆ ಸ್ವಲ್ಪ ಹೊತ್ತು ನೋಡಿ, ತುಟಿ ಬಿಗಿದು, ಬೀಗತಿಯ ಸೆರಗಿನ ಹಿಂದೆ ಸರಿಯಿತು. ಹೊಸಬರನ್ನು ಕಂಡರೆ ಹೀಗೆಯೇ ಮಾಡುತ್ತದೆ ಅಂದಳು ಬೀಗತಿ. ಅಂದ ಮೇಲೆ ಅವಳಿಗೇ ಕಸಿವಿಸಿಯಾಯಿತು.

ಸಂಗನಬಸವ ಊಟಕ್ಕೆಂದು ಅಂಗಡಿಯಿಂದ ಬಂದ. ಚಪ್ಪಲಿ ಬಿಡುತ್ತಿದ್ದವನು ಅವಳನ್ನು ನೋಡಿ ಹಾಗೇ ನಿಂತ. ಶೇಖವ್ವ ಎದ್ದಳು.

"ಅತ್ತೀ," ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತ ನೀವು ಖರೇ ಹೇಳಿದ್ರಿ. ಹೇಳಲಾರದ ಇದ್ರ ನನಗೇನೂ ಗೊತ್ತಾಗ್ತಿರಲಿಲ್ಲ, ಅದೂ ಖರೇ. ಮೂರ ಸರ್ತೆ ಯಾವಗಲ್ ತನಾ ಬಂದು ತಿರಿಗಿ ಹೋಗೇನಿ. ನಿಮ್ಮನ್ನ ನೋಡಿದ್ರ ಅಕಿ ಬೊಗಸಿ ಒಡ್ಡಿದ್ದ ಕಾಣತೈತಿ ನನಗ. ಇನ್ನೊಮ್ಮೆ ಬರಬ್ಯಾಡ್ರಿ."

ಅವಳು ತಲೆ ಆಡಿಸಿದಳು. ಗಂಟನ್ನು ಕಟ್ಟೆಯ ಮೇಲಿಟ್ಟು ಹೊರಗೆ ಬಂದಳು.

ಬಸ್ ಸ್ಟ್ಯಾಂಡಿನಲ್ಲಿ ಜನವೋ ಜನ. ಹತ್ತಿದ ಬಸ್ಸಿನಲ್ಲಿ ಹೇಗೋ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರ್ ಬಂದು ಎಲ್ಲಿಗೆ ಅಂತ ಕೇಳಿದ. ಅವಳಿಗೆ ಕೇಳಿಸಲಿಲ್ಲ. ಅವನು ಟಿಕೆಟ್ಟಿನ ಮಷೀನಿನ ಮೇಲೆ ಬೆರಳು ಬಡಿಯುತ್ತ ಮತ್ತೊಮ್ಮೆ, ಸ್ವಲ್ಪ ಜೋರಾಗಿ ಕೇಳಿದ.

"ಯಾವಗಲ್," ಅಂದಳು ಶೇಖವ್ವ. "ಒಬ್ಬಾಕಿನ."